ಹೆಪ್ಪುಗಟ್ಟುವ ಎಣ್ಣೆ, ಹೆಪ್ಪುಗಟ್ಟದ ನೀರು

ಹೊರನಾಡಿನ ಕಡೆ ಮಾರ್ಗಶಿರ ಕಳೆದು ಪುಷ್ಯ ಬಂತೆಂದರೆ ಕೊಬ್ಬರಿ ಎಣ್ಣೆಯ ಬಾಟಲಿ ಬಚ್ಚಲೊಲೆಯ ದಂಡೆಗೆ ಬಂದು ಕೂರುತ್ತದೆ. ತಲೆಗೆ ಎಣ್ಣೆ ಬೇಕಾದವರು ಮೊದಲು ಅದನ್ನು ಕರಗಿಸಬೇಕು. ಅವಸರದವರು ಕಡ್ಡಿ ಹಾಕಿ ಕೆದಕುತ್ತಾರೆ, ಪುರಸೊತ್ತಿದ್ದವರು ಬಿಸಿಲಿಗೆ ಇಡುತ್ತಾರೆ. ಆಷಾಢದ ಜಡಿಮಳೆಯಲ್ಲೂ ಹೆಚ್ಚುಕಡಿಮೆ ಇದೇ ಪಾಡು. ಇಲ್ಲಿನ ಮಕ್ಕಳು ಶಾಲೆಗೆ ಸೇರುವ ಮೊದಲೇ ದ್ರವವೊಂದು ಗಟ್ಟಿಯಾಗುವುದನ್ನೂ ಗಟ್ಟಿಯಾದದ್ದು ಮತ್ತೆ ದ್ರವವಾಗುವುದನ್ನೂ ಎಷ್ಟೋ ಸಲ ಕಂಡಿರುತ್ತಾರೆ. ಆದರೆ ಪಾಠ ಶುರುವಾಗುವುದು ಮಾತ್ರ ನೀರಿನಿಂದ. ಮನೆಯಂಗಳದಲ್ಲಿ ತಾನಾಗಿ ಹೆಪ್ಪುಗಟ್ಟಿದ್ದನ್ನು ಅವರಜ್ಜನೂ ಕಂಡಿರದ ನೀರು! ‘ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ’ ಎಂಬ ವಾಕ್ಯವನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಒಂದು ಅಂಕ ಸಿಗುತ್ತದೆ. ಆ ಸೊನ್ನೆ ಎಂದರೆ ಎಷ್ಟು ತಣ್ಣಗೆ ಎಂದು ಕೇಳಿದರೆ ‘ತುಂಬಾ’ ಎನ್ನುತ್ತಾರೆ.

ಕಾಫಿ ಸೀಮೆಯ ಮಕ್ಕಳಿಗೆ ಈ ಪಾಠವನ್ನು ಎಣ್ಣೆಯಿಂದ ಶುರುಮಾಡಬೇಕು, ನೀರನ್ನು ಆಮೇಲೆ ತರಬೇಕು ಎಂಬುದು ನನ್ನ ವಾದ. ಎಣ್ಣೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ನೀರು ಎಷ್ಟು ವಿಚಿತ್ರವಾದ ವಸ್ತು ಎಂಬುದು ಗೊತ್ತಾಗುವುದು.

ಚಳಿಗಾಲದ ಒಂದು ಬೆಳಗ್ಗೆ ಹುಣಿಸೆಬೀಜದ ಗಾತ್ರದ ಗಟ್ಟಿ ಕೊಬ್ಬರಿ ಎಣ್ಣೆಯನ್ನು ಮಗುವಿನ ಒಂದು ಅಂಗೈಗೆ ಹಾಕಿ. ಇನ್ನೊಂದು ಅಂಗೈಗೆ ಅಷ್ಟೇ ಗಾತ್ರದ ಮುರುಗಲು ತುಪ್ಪ. ಹಿಮ್ಮಡಿ ಒಡೆದಾಗ ಹಚ್ಚಿಕೊಳ್ಳಲು ಮಲೆನಾಡಿನ ಹಳೆಯ ಮನೆಗಳಲ್ಲಿ ಇಟ್ಟುಕೊಳ್ಳುವ ಉಂಡೆ ಅದು. ಎಣ್ಣೆ ನೋಡನೋಡುತ್ತಿದ್ದಂತೆ ಬೆರಳ ಸಂದಿಯಿಂದ ಇಳಿಯುತ್ತದೆ. ತುಪ್ಪ ಕೊಂಚ ಮೆತ್ತಗಾಗಿ ಅಲ್ಲೇ ಕೂತಿರುತ್ತದೆ. ಕೊಬ್ಬರಿ ಎಣ್ಣೆ ಕರಗಲು ಸುಮಾರು 25 ಡಿಗ್ರಿ ಸಾಕು, ಮುರುಗಲು ತುಪ್ಪಕ್ಕೆ 40ರ ಹತ್ತಿರ ಬೇಕು, ಅಂಗೈಯ ಚರ್ಮ ಇರುವುದು ಇವೆರಡರ ನಡುವೆ, 32-33ರ ಆಸುಪಾಸಿನಲ್ಲಿ. ಥರ್ಮಾಮೀಟರೇ ಇಲ್ಲದೆ ಮಗುವಿಗೆ ಒಂದು ದೊಡ್ಡ ವಿಷಯ ತಿಳಿಯುತ್ತದೆ. ಕರಗುವುದಕ್ಕೆ ಎಲ್ಲ ವಸ್ತುಗಳಿಗೂ ಅನ್ವಯಿಸುವ ಒಂದೇ ಗೆರೆಯಿಲ್ಲ, ಒಂದೊಂದು ವಸ್ತುವಿಗೂ ಅದರದೇ ಗೆರೆ. ಗಟ್ಟಿಯಾದದ್ದೆಲ್ಲ ತಣ್ಣಗಿರಬೇಕು ಎಂಬ ನಂಬಿಕೆ ಚಿಕ್ಕ ಮಕ್ಕಳಲ್ಲಿ ಬಲವಾಗಿರುತ್ತದೆ. ಗಟ್ಟಿಯಾಗುವುದು ಎಂದೊಡನೆ ಅವರಿಗೆ ನೆನಪಾಗುವುದು ಐಸ್ ಮಾತ್ರ, ಅದಕ್ಕೇ ಹೀಗೆ. ಬೆಚ್ಚಗಿನ ಅಂಗೈಯಲ್ಲಿ ಗಟ್ಟಿಯಾಗಿಯೇ ಉಳಿದ ತುಪ್ಪದ ಚೂರು ಆ ನಂಬಿಕೆಯನ್ನು ಅಲ್ಲಾಡಿಸುತ್ತದೆ.

ಎಣ್ಣೆಯ ಗೆರೆ ಮಾತ್ರ ಅಷ್ಟು ಸ್ಪಷ್ಟವಲ್ಲ. ಅದು ಹಲವು ಕೊಬ್ಬುಗಳ ಮಿಶ್ರಣವಾದ್ದರಿಂದ ಒಮ್ಮೆಲೇ ಕರಗದೆ ಮೊದಲು ಮಬ್ಬಾಗಿ, ಆಮೇಲೆ ಲೋಳೆಯಾಗಿ, ಕೊನೆಗೆ ತಿಳಿಯಾಗುತ್ತದೆ. ನೀರು ಹಾಗಲ್ಲ. ಶುದ್ಧ ನೀರಿನ ಮಟ್ಟಿಗೆ ಗೆರೆ ಖಡಾಖಡಿ. ಆ ಗೆರೆಗೆ ಸೊನ್ನೆ ಎಂಬ ಹೆಸರು ಬಂದದ್ದು ಮನುಷ್ಯರು ಮಾಡಿಕೊಂಡ ಒಪ್ಪಂದದಿಂದ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾಪಕವನ್ನು ಪ್ರಕಟಿಸಿದಾಗ ನೀರು ಕುದಿಯುವುದಕ್ಕೆ ಸೊನ್ನೆ, ಹೆಪ್ಪುಗಟ್ಟುವುದಕ್ಕೆ ನೂರು ಎಂದು ಗುರುತಿಸಿದ್ದ. ಅದನ್ನು ತಲೆಕೆಳಗು ಮಾಡಿದ್ದು ಆಮೇಲಿನವರು. ಈ ಕತೆಯನ್ನು ಮಕ್ಕಳಿಗೆ ಹೇಳಲೇಬೇಕು. ಸೊನ್ನೆ ಎಂದರೆ ಶಾಖವೇ ಇಲ್ಲ ಎಂದು ಅವರಲ್ಲಿ ಎಷ್ಟೋ ಜನ ತಿಳಿದಿರುತ್ತಾರೆ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರಂದು. ನೂರ ನಲವತ್ತು ವರ್ಷ ಕಳೆದರೂ ಆ ದಾಖಲೆ ಮುರಿದಿಲ್ಲ. ರಾಜಧಾನಿಯ ಅತಿ ದೊಡ್ಡ ಚಳಿಗೂ ಮಂಜುಗಡ್ಡೆಗೂ ನಡುವೆ ಇನ್ನೂ ಏಳೆಂಟು ಡಿಗ್ರಿಗಳ ಅಂತರ. ನಮ್ಮ ಕಾಫಿ ಗುಡ್ಡಗಳ ಚಳಿಯೂ ಗೆರೆ ಮುಟ್ಟುವಂಥದ್ದಲ್ಲ. ಇಬ್ಬನಿ ಬೀಳುತ್ತದೆ, ಮಂಜು ಮುಸುಕುತ್ತದೆ, ಆದರೆ ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟಿದ್ದನ್ನು ನೋಡಬೇಕೆಂದರೆ ಡಿಸೆಂಬರ್-ಜನವರಿಯಲ್ಲಿ ಊಟಿಗೋ ಮುನ್ನಾರಿಗೋ ಹೋಗಬೇಕು. ಹಾಗೆಂದು ಹೊರನಾಡಿಗೂ ಮಂಜುಗಡ್ಡೆಗೂ ಭಾರೀ ದೂರವೇನಿಲ್ಲ. ನೆತ್ತಿಯ ಮೇಲೆ ನೇರವಾಗಿ ಸುಮಾರು 5 ಕಿಲೋಮೀಟರ್ ಏರಿದರೆ ಸೊನ್ನೆ ಡಿಗ್ರಿ ಸಿಗುತ್ತದೆ, ವರ್ಷದ ಎಲ್ಲ ಕಾಲದಲ್ಲೂ ಹೆಚ್ಚುಕಡಿಮೆ ಅಲ್ಲೇ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಆ ದಾರಿಯ ಅರ್ಧಕ್ಕೂ ಮುಟ್ಟುವುದಿಲ್ಲ.

ತರಗತಿಗೆ ಐಸ್ ಹೊಂದಿಸುವುದು ಈಗ ಕಷ್ಟವಲ್ಲ. ಫ್ರಿಜ್ ಇರುವ ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಳವೆಯ ‘ಪೆಪ್ಸಿ’ ಐಸ್ ಸಿಗುತ್ತದೆ, ಬರೀ ನೀರು ತುಂಬಿ ಕೊಟ್ಟರೆ ಅದನ್ನೂ ಗಟ್ಟಿ ಮಾಡಿಕೊಡುತ್ತಾರೆ. ಕರೆಂಟು ಕೈಕೊಡದ ದಿನ ನೋಡಿಕೊಳ್ಳಬೇಕು, ಅಷ್ಟೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಐಸಿಗೆ ಹಾಕಬಾರದು. ಅದರ ಗೀಟು ಶುರುವಾಗುವುದೇ 35ರಿಂದ. ಮೈನಸ್ 10ರಿಂದ 110ರವರೆಗಿನ ಪ್ರಯೋಗಶಾಲೆಯ ಥರ್ಮಾಮೀಟರ್ ಬೇಕು.

ಪುಡಿ ಮಾಡಿದ ಐಸನ್ನು ಲೋಟಕ್ಕೆ ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಎರಡು ನಿಮಿಷಕ್ಕೊಮ್ಮೆ ಬರೆದುಕೊಳ್ಳಲು ಮಕ್ಕಳಿಗೆ ಹೇಳಿ. ಫ್ರೀಜರಿನಿಂದ ಆಗತಾನೆ ತೆಗೆದ ಐಸ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಮೈನಸ್ ಹತ್ತೋ ಹದಿನೈದೋ. ಅಲ್ಲಿಂದ ಏರುತ್ತ ಏರುತ್ತ ಸೊನ್ನೆಗೆ ಬಂದು ನಿಂತುಬಿಡುತ್ತದೆ. ಐಸ್ ಕರಗುತ್ತಿದೆ, ಲೋಟದಲ್ಲಿ ನೀರು ಹೆಚ್ಚುತ್ತಿದೆ, ಹೊರಗೆ ಬಿಸಿಲಿದೆ, ಆದರೂ ಕೆಂಪು ಗೆರೆ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬ ಹುಡುಗ ಥರ್ಮಾಮೀಟರ್ ಕೆಟ್ಟಿದೆ ಎನ್ನುತ್ತಾನೆ. ಈ ಪಾಠದ ಜೀವ ಇರುವುದು ಅಲ್ಲೇ. ಸೊನ್ನೆ, ಸೊನ್ನೆ, ಸೊನ್ನೆ ಎಂದು ಸಾಲಾಗಿ ಬರೆಯುತ್ತ ಹೋಗುವ ಬೇಸರವನ್ನು ಮಗುವಿಗೆ ತಪ್ಪಿಸಬಾರದು. ಶಾಖ ಒಳಗೆ ಹೋಗುತ್ತಲೇ ಇದೆ, ಆದರೂ ಬಿಸಿ ಏರುತ್ತಿಲ್ಲ. ಹಾಗಾದರೆ ಹೋದ ಶಾಖವೆಲ್ಲ ಎಲ್ಲಿ?

ಈ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವನು ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳನ್ನು ದೊಡ್ಡ ಹಜಾರದಲ್ಲಿ ತೂಗುಬಿಟ್ಟ. ಒಂದರಲ್ಲಿ ಐಸಿನಷ್ಟೇ ತಣ್ಣಗಿನ ನೀರು, ಇನ್ನೊಂದರಲ್ಲಿ ಐಸ್. ನೀರು ಅರ್ಧ ಗಂಟೆಯಲ್ಲಿ ಏಳು ಡಿಗ್ರಿ ಫ್ಯಾರನ್‌ಹೀಟ್ ಏರಿತು. ಐಸ್ ಪೂರ್ತಿ ಕರಗಿ ಅದೇ ಮಟ್ಟ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು. ಕರಗುವ ಕೆಲಸಕ್ಕೇ ಖರ್ಚಾಗಿ ಥರ್ಮಾಮೀಟರಿಗೆ ಕಾಣಿಸದೆ ಹೋಗುವ ಈ ಶಾಖವೇ ಗುಪ್ತೋಷ್ಣ. ಇಂದಿನ ಲೆಕ್ಕದಲ್ಲಿ ಸೊನ್ನೆಯಲ್ಲಿರುವ ಒಂದು ಕಿಲೋ ಐಸನ್ನು ಸೊನ್ನೆಯ ನೀರಾಗಿಸಲು 334 ಕಿಲೋಜೂಲ್ ಬೇಕು. ಅಷ್ಟೇ ಶಾಖವನ್ನು ಒಂದು ಕಿಲೋ ತಣ್ಣೀರಿಗೆ ಕೊಟ್ಟರೆ ಅದು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ.

ಕಿಲೋಜೂಲ್ ಮಕ್ಕಳಿಗೆ ಹತ್ತುವುದಿಲ್ಲ, ಬೇಕಾಗಿಯೂ ಇಲ್ಲ. ಅವರಿಗೆ ತೋರಿಸಬೇಕಾದದ್ದು ಇದು. ನೀರು ಒರೆಸಿದ 200 ಗ್ರಾಂ ಐಸ್ ತೂಗಿ ಪಾತ್ರೆಗೆ ಹಾಕಿ. 80 ಡಿಗ್ರಿಗೆ ಕಾಯಿಸಿದ 200 ಗ್ರಾಂ ನೀರನ್ನು ಮೇಷ್ಟ್ರೇ ಅದರ ಮೇಲೆ ಸುರಿಯಲಿ. ಕೈ ಸುಡುವ ಕೆಲಸ ಮಕ್ಕಳಿಗೆ ಬೇಡ. ಸುರಿಯುವ ಮೊದಲು ಎಲ್ಲರೂ ಉತ್ತರ ಬರೆದಿಡಬೇಕು. ಜಾಣರು 40 ಎಂದು ಬರೆಯುತ್ತಾರೆ. ಐಸ್ ಕರಗಿ ಮುಗಿದ ಮೇಲೆ ನೋಡಿದರೆ ಪಾತ್ರೆಯಲ್ಲಿರುವುದು ಕೈಯಿಟ್ಟರೆ ಬೆರಳು ಜೋಮು ಹಿಡಿಯುವ ನೀರು, ಸೊನ್ನೆಯಿಂದ ನಾಲ್ಕಾರು ಡಿಗ್ರಿ ಮೇಲೆ ಅಷ್ಟೆ. ಆ ನಾಲ್ಕಾರು ಡಿಗ್ರಿಯೂ ಪಾತ್ರೆ ಮತ್ತು ಗಾಳಿ ಕೊಟ್ಟದ್ದು. 80 ಡಿಗ್ರಿಯ ಬಿಸಿಯನ್ನೆಲ್ಲ ಐಸ್ ಬರೀ ಕರಗುವುದರಲ್ಲೇ ನುಂಗಿಹಾಕಿತು. ಕರಾವಳಿಯಿಂದ ಘಾಟಿ ಹತ್ತಿ ನಮ್ಮ ಪೇಟೆಗಳಿಗೆ ಬರುವ ಮೀನಿನ ಗಾಡಿ ಈ ನುಂಗುವಿಕೆಯನ್ನೇ ನಂಬಿಕೊಂಡಿದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸ್ ಕೊನೆಯ ಚೂರಿನವರೆಗೂ ಕರಗುತ್ತಿರುವಷ್ಟು ಹೊತ್ತು ಬಂಗುಡೆಯೂ ಸೊನ್ನೆಯ ಹತ್ತಿರವೇ ಇರುತ್ತದೆ.

ಇನ್ನು ಹೆಪ್ಪುಗಟ್ಟಿಸುವುದು. ಅದನ್ನು ಫ್ರಿಜ್ಜಿನ ಬಾಗಿಲ ಹಿಂದೆ ಮುಚ್ಚಿಡುವುದು ನನಗೆ ಸರಿಬೀಳದು. ಮೇಜಿನ ಮೇಲೆ, ಎಲ್ಲರ ಕಣ್ಣೆದುರು ಆಗಬೇಕು. ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಹರಳುಪ್ಪು ಬೆರೆಸಿದರೆ ಮಿಶ್ರಣ ಮೈನಸ್ ಹತ್ತಕ್ಕಿಂತ ಕೆಳಗೆ ಇಳಿಯುತ್ತದೆ, ಚೆನ್ನಾಗಿ ಮಾಡಿದರೆ ಮೈನಸ್ ಇಪ್ಪತ್ತರ ಹತ್ತಿರಕ್ಕೂ ಹೋದೀತು. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ತನ್ನಿಂದಲೇ ಕಿತ್ತುಕೊಂಡು ಇನ್ನಷ್ಟು ತಣ್ಣಗಾಗುತ್ತದೆ. ಇದರ ನಡುವೆ ತೆಳು ಪ್ಲಾಸ್ಟಿಕ್ ಕೊಳವೆಯಲ್ಲಿ ಎರಡು ಚಮಚ ಶುದ್ಧ ನೀರು ಹಾಕಿ, ಥರ್ಮಾಮೀಟರಿನ ತುದಿ ಅದರಲ್ಲಿ ಮುಳುಗುವಂತೆ ಹಿಡಿದು, ಅಲ್ಲಾಡಿಸದೆ ಕಾಯಿರಿ. ಗೆರೆ ಸೊನ್ನೆ ದಾಟಿ ಮೈನಸ್ ಎರಡು, ಮೂರು, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿದರೂ ನೀರು ನೀರಾಗಿಯೇ ಇರುತ್ತದೆ. ಆಮೇಲೆ ಥಟ್ಟನೆ ಒಂದು ಕಡೆಯಿಂದ ಬಿಳಿ ಸೂಜಿಗಳು ಹಬ್ಬುತ್ತವೆ. ಅದೇ ಕ್ಷಣಕ್ಕೆ ಕೆಂಪು ಗೆರೆ ಮೇಲಕ್ಕೆ ಹಾರಿ ಸೊನ್ನೆಯಲ್ಲಿ ನಿಲ್ಲುತ್ತದೆ. ಐಸ್ ಆಗುವಾಗ ನೀರು ಬೆಚ್ಚಗಾಯಿತು! ಕರಗುವಾಗ ನುಂಗಿದ್ದನ್ನು ಹೆಪ್ಪುಗಟ್ಟುವಾಗ ವಾಪಸು ಕೊಡುತ್ತದೆ, ಲೆಕ್ಕ ಚುಕ್ತಾ. ಪೂರ್ತಿ ಗಟ್ಟಿಯಾಗುವ ಮೊದಲು ಥರ್ಮಾಮೀಟರ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಗಾಜು ಒಡೆದೀತು.

ನಡುವೆ ಕಂಬಳಿಯ ಪ್ರಯೋಗವನ್ನೂ ಮಾಡಿಬಿಡಿ. ಒಂದೇ ಗಾತ್ರದ ಎರಡು ಐಸ್ ಗಡ್ಡೆ, ಒಂದು ಅಡಿಕೆ ಹಾಳೆಯ ಮೇಲೆ ಬಯಲಲ್ಲಿ, ಇನ್ನೊಂದು ಒಣ ಕರಿಕಂಬಳಿಯಲ್ಲಿ ಸುತ್ತಿಟ್ಟು. ಯಾವುದು ಮೊದಲು ಕರಗುತ್ತದೆ ಎಂದು ಕೇಳಿದರೆ ಕಂಬಳಿಯದ್ದು ಎಂದು ಹೆಚ್ಚಿನವರು ಕೈಯೆತ್ತುತ್ತಾರೆ. ಕಂಬಳಿ ಬಿಸಿ ಕೊಡುತ್ತದೆ ಎಂಬುದು ಅವರ ಅನುಭವ. ಗೆಲ್ಲುವುದು ಹಾಳೆಯ ಮೇಲಿನ ಗಡ್ಡೆ. ವಿವರಣೆಗೆ ಆತುರ ಬೇಡ, ವಾದ ಮಾಡಲು ಬಿಡಿ.

ಎಣ್ಣೆಯ ಬಾಟಲಿಯನ್ನು ಈಗ ಮತ್ತೆ ತರಬೇಕು. ಅರ್ಧ ಕರಗಿದ ಕೊಬ್ಬರಿ ಎಣ್ಣೆಯನ್ನು ಬೆಳಕಿಗೆ ಹಿಡಿದರೆ ಬಿಳಿ ಗಟ್ಟಿ ಭಾಗ ತಳದಲ್ಲಿದೆ, ತಿಳಿ ಎಣ್ಣೆ ಮೇಲಿದೆ. ಪಕ್ಕದ ಲೋಟದಲ್ಲಿ ಐಸ್ ತೇಲುತ್ತಿದೆ. ಗಟ್ಟಿಯಾಗುವಾಗ ಎಣ್ಣೆ ಕುಗ್ಗಿತು, ಆದ್ದರಿಂದ ಸಾಂದ್ರವಾಗಿ ಮುಳುಗಿತು. ಹೆಚ್ಚಿನ ದ್ರವಗಳ ದಾರಿ ಅದೇ. ನೀರು ಮಾತ್ರ ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಐಸಿನಲ್ಲಿ ಒಂದೊಂದು ನೀರಿನ ಅಣುವೂ ಸುತ್ತಲಿನ ನಾಲ್ಕು ಅಣುಗಳೊಂದಿಗೆ ನಿಗದಿತ ಕೋನದಲ್ಲಿ ಬಂಧ ಮಾಡಿಕೊಂಡು ನಿಲ್ಲುವುದರಿಂದ ನಡುವೆ ಖಾಲಿ ಜಾಗ ಉಳಿಯುತ್ತದೆ. ಕರಗಿದಾಗ ಆ ವ್ಯವಸ್ಥೆ ಕುಸಿದು ಅಣುಗಳು ಹತ್ತಿರ ಬರುತ್ತವೆ. 4 ಡಿಗ್ರಿಯಲ್ಲಿ ನೀರು ಅತ್ಯಂತ ಸಾಂದ್ರ. ಚಳಿ ದೇಶದ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುವುದೂ ಅಡಿಯಲ್ಲಿ ಮೀನು ಬದುಕಿರುವುದೂ ಇದರಿಂದಲೇ. ಐಸ್ ತೇಲುತ್ತದೆ ಎಂದಷ್ಟೇ ಹೇಳಿದರೆ ಮಗುವಿಗೆ ಆಶ್ಚರ್ಯವಾಗುವುದಿಲ್ಲ, ಅದು ಹುಟ್ಟಿದಾಗಿನಿಂದ ಐಸ್ ತೇಲುವುದನ್ನೇ ಕಂಡಿದೆ. ಮುಳುಗಿದ ಎಣ್ಣೆಯ ಪಕ್ಕದಲ್ಲಿಟ್ಟಾಗ ಮಾತ್ರ ಅದು ಪ್ರಶ್ನೆಯಾಗುತ್ತದೆ.

ನಮ್ಮೂರಿಗೆ ಐಸ್ ತಾನಾಗಿ ಬರುವ ಕಾಲ ಒಂದಿದೆ. ಕಾಫಿ ಗಿಡ ಹೂಮಳೆಗೆ ಕಾದಿರುವ ಮಾರ್ಚ್-ಏಪ್ರಿಲ್‌ನಲ್ಲಿ, ರೇವತಿ ಅಶ್ವಿನಿ ಮಳೆಗಳ ಹೊತ್ತಿಗೆ, ಮಧ್ಯಾಹ್ನ ಸೆಕೆ ಕಟ್ಟಿ ಸಂಜೆ ಗುಡುಗಿನೊಂದಿಗೆ ಆಲಿಕಲ್ಲು ಬೀಳುತ್ತದೆ. ಹೂಮೊಗ್ಗು ಉದುರಿತೆಂದು ತೋಟದವರಿಗೆ ಸಂಕಟ, ಮಕ್ಕಳಿಗೆ ಹಬ್ಬ. ದೊಡ್ಡ ಕಲ್ಲೊಂದನ್ನು ಫ್ರೀಜರಿನಲ್ಲಿ ಉಳಿಸಿಕೊಂಡು ಆಮೇಲೆ ಬಿಸಿ ಮಾಡಿದ ಚೂರಿಯಿಂದ ಸೀಳಿದರೆ ಈರುಳ್ಳಿ ಕೊಯ್ದಂತೆ ಸುತ್ತುಗಳು ಕಾಣುತ್ತವೆ, ಒಂದು ಬಿಳಿ, ಒಂದು ಪಾರದರ್ಶಕ. ಕೊಳವೆಯಲ್ಲಿ ಕಂಡ ಸಂಗತಿಯೇ ಮೋಡದಲ್ಲಿ ದೊಡ್ಡದಾಗಿ ನಡೆದಿರುತ್ತದೆ. ಐದು ಕಿಲೋಮೀಟರಿನಿಂದಾಚೆ ಸೊನ್ನೆಗಿಂತ ತಣ್ಣಗಿದ್ದೂ ನೀರಾಗಿಯೇ ಉಳಿದ ಹನಿಗಳು ತೇಲುತ್ತಿರುತ್ತವೆ. ಐಸಿನ ಕಣ ತಾಗಿದ ಕೂಡಲೇ ಅದರ ಮೇಲೆ ಹೆಪ್ಪುಗಟ್ಟುತ್ತವೆ. ಹನಿ ತಕ್ಷಣ ಗಟ್ಟಿಯಾದರೆ ಗಾಳಿಗುಳ್ಳೆ ಸಿಕ್ಕಿ ಬಿಳಿ ಪದರ, ನಿಧಾನವಾಗಿ ಹರಡಿ ಗಟ್ಟಿಯಾದರೆ ತಿಳಿ ಪದರ. ಮೇಲೇಳುವ ಗಾಳಿ ಹೊತ್ತು ನಿಲ್ಲಿಸುವಷ್ಟು ಕಾಲ ಕಲ್ಲು ಬೆಳೆಯುತ್ತದೆ, ಆಮೇಲೆ ಬೀಳುತ್ತದೆ. ಚಿಕ್ಕವು ದಾರಿಯಲ್ಲೇ ಕರಗಿ ಬೆನ್ನಿಗೆ ಚುಳ್ಳೆನಿಸುವ ತಣ್ಣನೆಯ ದಪ್ಪ ಹನಿಗಳಾಗುತ್ತವೆ.

ಆಷಾಢದಲ್ಲಿ ಇಷ್ಟೊಂದು ಮಳೆ ಸುರಿದರೂ ಆಲಿಕಲ್ಲು ಯಾಕೆ ಬೀಳುವುದಿಲ್ಲ? ಮಲೆನಾಡಿನ ಮಗು ಕೇಳಬೇಕಾದ ಪ್ರಶ್ನೆ ಇದು. ಘಟ್ಟಕ್ಕೆ ಬಡಿದು ಸುರಿಯುವ ಮುಂಗಾರಿನ ಮೋಡಗಳಲ್ಲಿ ಬಹುಪಾಲು ಹೆಚ್ಚು ಎತ್ತರಕ್ಕೆ ಬೆಳೆಯುವುದಿಲ್ಲ, ಸೊನ್ನೆಯ ಗೆರೆಯ ಕೆಳಗೇ ಮಳೆಯಾಗಿ ಮುಗಿಯುತ್ತವೆ. ಕಲ್ಲನ್ನು ಹೊತ್ತು ನಿಲ್ಲಿಸುವಂಥ ಮೇಲ್ಗಾಳಿಯೂ ಅವುಗಳಲ್ಲಿಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವಷ್ಟು ನೀರು ಕೊಡುವ ಮೋಡಕ್ಕೆ ಒಂದು ಆಲಿಕಲ್ಲು ಕಟ್ಟಲಾಗದು.

ಅದೇ ಆಷಾಢದಲ್ಲಿ ಭೂಮಿಯ ಆಚೆ ಬದಿಯ ಕಾಫಿ ತೋಟಗಳಲ್ಲಿ ಚಳಿಗಾಲ. 1975ರ ಜುಲೈ 17-18ರಂದು ಬ್ರೆಜಿಲ್ಲಿನ ಪರಾನಾ ರಾಜ್ಯದಲ್ಲಿ ಉಷ್ಣತೆ ಸೊನ್ನೆಯ ಕೆಳಗಿಳಿದು ಕೋಟಿಗಟ್ಟಲೆ ಕಾಫಿ ಗಿಡಗಳು ಸುಟ್ಟಂತೆ ಕಪ್ಪಾದವು. ಅಲ್ಲಿನವರು ಅದನ್ನು ಇಂದಿಗೂ ಕಪ್ಪು ಹಿಮ ಎನ್ನುತ್ತಾರೆ. ಎಲೆಯೊಳಗಿನ ನೀರು ಹಿಗ್ಗಿ ಕೋಶ ಒಡೆಯುತ್ತದೆ ಎಂದು ಕೆಲವೆಡೆ ಬರೆದಿರುತ್ತಾರೆ. ಸಾಮಾನ್ಯವಾಗಿ ಆಗುವುದು ಬೇರೆ. ಐಸ್ ಮೊದಲು ಕಟ್ಟುವುದು ಕೋಶಗಳ ನಡುವಿನ ಜಾಗದಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ, ಕೋಶ ಒಣಗಿ ಪೊರೆ ಹಾಳಾಗುತ್ತದೆ. ಎಲೆ ಸಾಯುವುದು ಚಳಿಯಲ್ಲಿ, ನೀರಿಲ್ಲದೆ. ಮುಂದಿನ ವರ್ಷ ಪರಾನಾದಲ್ಲಿ ಬೆಳೆಯೇ ಇರಲಿಲ್ಲ. 1977ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಾಫಿ ಪೌಂಡಿಗೆ ಮೂರು ಡಾಲರ್ ದಾಟಿತು. 1994ರ ಜೂನ್-ಜುಲೈನಲ್ಲಿ ಮತ್ತೆ ಹಿಮ ಬಿದ್ದಾಗ ನಮ್ಮಲ್ಲಿ ಕಾಫಿ ಮಂಡಳಿಯ ಹಿಡಿತ ಸಡಿಲವಾಗಿ ಬೆಳೆಗಾರರು ತಾವೇ ಮಾರುವ ಕಾಲ ಶುರುವಾಗಿತ್ತು, ಏರಿದ ಬೆಲೆ ನೇರ ಅವರ ಕೈಗೆ ಬಂತು. ಮೂಡಿಗೆರೆ, ಕಳಸ ಸೀಮೆಯಲ್ಲಿ ಆಗ ಎದ್ದ ತಾರಸಿ ಮನೆಗಳಿಗೂ ನೀರು ಹೆಪ್ಪುಗಟ್ಟುವುದಕ್ಕೂ ಸಂಬಂಧವಿದೆ ಎಂದರೆ ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಮರೆಯುವುದಿಲ್ಲ.

ಹೂ ಬರಿಸಲು ಫೆಬ್ರುವರಿಯಲ್ಲಿ ನಮ್ಮ ತೋಟಗಳಲ್ಲಿ ತಿರುಗುವ ಸ್ಪ್ರಿಂಕ್ಲರನ್ನು ಅಮೆರಿಕದ ಫ್ಲಾರಿಡಾದ ಸ್ಟ್ರಾಬೆರಿ ಬೆಳೆಗಾರರು ಹಿಮ ಬೀಳುವ ರಾತ್ರಿ ಗಿಡ ಕಾಪಾಡಲು ಓಡಿಸುತ್ತಾರೆ. ಗಿಡದ ಮೇಲೆ ಬಿದ್ದ ನೀರು ಹೆಪ್ಪುಗಟ್ಟುತ್ತ ಶಾಖ ಬಿಟ್ಟುಕೊಡುತ್ತದೆ. ನೀರು ನಿಲ್ಲಿಸದೆ ಬೀಳುತ್ತಿರುವವರೆಗೆ ಐಸಿನ ಚಿಪ್ಪಿನೊಳಗಿನ ಹೂವು ಸೊನ್ನೆಗಿಂತ ಹೆಚ್ಚು ಕೆಳಗಿಳಿಯುವುದಿಲ್ಲ. ಕೊಳವೆಯಲ್ಲಿ ಕೆಂಪು ಗೆರೆ ಮೇಲಕ್ಕೆ ಹಾರಿದ್ದನ್ನು ನೋಡಿದ ಮಗು ಇದನ್ನು ತಾನೇ ಬಿಡಿಸಿ ಹೇಳಬಲ್ಲದು.

ಇಷ್ಟಕ್ಕೆಲ್ಲ ಖರ್ಚು ಒಂದು ಥರ್ಮಾಮೀಟರ್, ನಾಲ್ಕು ಕೊಳವೆ ಐಸ್, ಒಂದು ಹಿಡಿ ಹರಳುಪ್ಪು. ಊರ ಶಾಲೆಗೆ ಏನಾದರೂ ಕೊಡಬೇಕೆಂದಿರುವ ತೋಟದವರಲ್ಲಿ ಒಂದು ವಿನಂತಿ. ಗೋಡೆ ಗಡಿಯಾರ, ಸ್ಟೀಲ್ ತಟ್ಟೆಗಳು ಈಗಾಗಲೇ ಸಾಕಷ್ಟು ಬಂದಿವೆ. ಈ ಸಲ ಮೈನಸ್ 10ರಿಂದ 110ರವರೆಗಿನ, ಪಾದರಸವಲ್ಲದೆ ಕೆಂಪು ದ್ರವವಿರುವ ಥರ್ಮಾಮೀಟರ್ ಆರು ಕೊಡಿಸಿ. ಒಂದೆರಡು ಒಡೆದೇ ಒಡೆಯುತ್ತವೆ. ಒಡೆದರೆ ಬೈಯಬೇಡಿ ಎಂದು ಮೇಷ್ಟ್ರಿಗೂ ಹೇಳಿ.